ಹಾಡಿನ ಪಟ್ಟಿಯೂ ಸಂಕಲನಧರ್ಮವೂ

ಈಚೆಗೆ ನಮ್ಮ ಜಿಲ್ಲೆಯ ತರುಣರಲ್ಲಿ ಒಂದು ಹೊಸ ಉದ್ಯೋಗವು ಹಬ್ಬಿದೆ. ತಮಗೆ ಮೆಚ್ಚಾದ ಒಬ್ಬ ನಟನ, ಒಬ್ಬ ಗಾಯಕನ, ಇಲ್ಲವೆ ಒಂದು ಋತುವಿನ, ಒಂದು ಹಬ್ಬದ, ಒಂದು ಭಾವದ ಹಾಡುಗಳನ್ನು ಹತ್ತಿಪ್ಪತ್ತರಂತೆಯೋ ಐವತ್ತು ನೂರರಂತೆಯೋ ಆಯ್ದು ಸಾಲಾಗಿ ಜೋಡಿಸಿ, ಆ ಸಾಲಿಗೊಂದು ಹೆಸರಿಟ್ಟು, ಅಭಿಮಾನಿಗಳ ಬಳಗದಲ್ಲಿ ಹಂಚುವುದೇ ಆ ಉದ್ಯೋಗ. ಇದನ್ನು ಅವರು ಪ್ಲೇಲಿಸ್ಟ್ ಎನ್ನುತ್ತಾರೆ. ನಾವು ಹಾಡಿನ ಪಟ್ಟಿ ಎನ್ನೋಣ. ಯೂಟ್ಯೂಬಿನಲ್ಲಿಯೂ, ೨೦೧೯ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಪಾಟಿಫೈಯಲ್ಲಿಯೂ ರಾತ್ರಿ ಕಟ್ಟಿದ ಪಟ್ಟಿಯು ಬೆಳಗಾಗುವುದರೊಳಗೆ ವಾಟ್ಸಾಪಿನ ಬೆನ್ನೇರಿ ಚನ್ನಗಿರಿಯಿಂದ ಜಗಳೂರಿಗೆ ಮುಟ್ಟುತ್ತದೆ. ಹೊನ್ನಾಳಿಯಿಂದ ಹೊರಡುವ ಬಸ್ಸಿನಲ್ಲಿಯೂ, ನ್ಯಾಮತಿಯ ಮದುವೆಯ ಮಂಟಪದಲ್ಲಿಯೂ, ನವೆಂಬರ್ ಒಂದರ ರಾಜ್ಯೋತ್ಸವದ ಪೆಂಡಾಲಿನಲ್ಲಿಯೂ ನಮ್ಮ ಕಿವಿಗೆ ಬೀಳುತ್ತಿರುವುದು ಬಹುಮಟ್ಟಿಗೆ ಇಂತಹ ಪಟ್ಟಿಗಳೇ.

ಈ ವಿಷಯದಲ್ಲಿ ನಮ್ಮವರು ಎರಡು ಪಕ್ಷವಾಗಿದ್ದಾರೆ. ಹಿರಿಯರಾದ ಕೆಲಮಂದಿ, ಇದು ಹುಡುಗಾಟಿಕೆ, ಸಾಹಿತ್ಯಸಂಘದ ಪತ್ರಿಕೆಯು ಮೂಸಿಯೂ ನೋಡಬೇಕಾದದ್ದಲ್ಲ ಎನ್ನುತ್ತಾರೆ. ತರುಣರಾದರೋ, ಹಾಡನ್ನು ಜೋಡಿಸಿದೆವು, ಹಂಚಿದೆವು, ಸಾವಿರಾರು ಮಂದಿ ಕೇಳಿದರು, ಇನ್ನೇನು ಬೇಕು ಎಂದು ಕೇಳುತ್ತಾರೆ. ನನಗೆ ಈ ಎರಡು ಪಕ್ಷಗಳೂ ಸಮ್ಮತವಲ್ಲ. ಹಾಡಿನ ಪಟ್ಟಿಯು ಒಂದು ಸಂಕಲನ. ಅದನ್ನು ಕಟ್ಟಿದವನು ಸಂಕಲನಕಾರ. ಸಂಕಲನಕಾರನಿಗೆ ಒಂದು ಧರ್ಮವುಂಟು. ಆ ಧರ್ಮದ ಮೊದಲನೆಯ ವಿಧಿಯೇ ಹಾಡನ್ನು ಮಾಡಿದವರ ಹೆಸರನ್ನು ಹೇಳುವುದು. ಈ ವಿಧಿಯನ್ನು ಮೀರಿದ ಅಭಿಮಾನವು ತಾನು ಪೂಜಿಸುವ ವಸ್ತುವನ್ನೇ ಹೂಳುತ್ತದೆ. ಇದೇ ನನ್ನ ಪ್ರತಿಜ್ಞೆ. ಇದನ್ನು ಸಾಧಿಸುವುದಕ್ಕೆ ವಾಚಕಮಹಾಶಯರು ಸ್ವಲ್ಪ ತಾಳ್ಮೆಯಿಂದ ಕಿವಿಗೊಡಬೇಕು.

ಮೊದಲು ಹಿರಿಯರಿಗೆ ಉತ್ತರ. ವಸ್ತುವಿಗನುಸಾರವಾಗಿ ಆಯ್ದು ಜೋಡಿಸುವುದು ಹುಡುಗಾಟಿಕೆಯಾದರೆ, ನಮ್ಮ ಸುಭಾಷಿತಸಂಗ್ರಹಗಳೆಲ್ಲವೂ ಹುಡುಗಾಟಿಕೆಯೇ ಆಗಬೇಕು. ಕ್ರಿಸ್ತಶಕ ೧೧೦೦ರ ಸುಮಾರಿಗೆ ವಿದ್ಯಾಕರನೆಂಬ ಬೌದ್ಧಪಂಡಿತನು ಸುಭಾಷಿತರತ್ನಕೋಶವನ್ನು ಕಟ್ಟಿದನು. ವಸಂತಕ್ಕೊಂದು, ಗ್ರೀಷ್ಮಕ್ಕೊಂದು, ಮಳೆಗಾಲಕ್ಕೊಂದು, ವಿರಹಕ್ಕೊಂದು, ಚಂದ್ರನಿಗೊಂದು ಎಂದು ವಿಭಾಗಮಾಡಿ, ಆಯಾ ವಿಭಾಗಕ್ಕೆ ಒಪ್ಪುವ ಶ್ಲೋಕಗಳನ್ನು ನಾನಾ ಕವಿಗಳಿಂದ ಆಯ್ದನು. ೧೨೦೫ರಲ್ಲಿ ವಂಗದೇಶದ ಶ್ರೀಧರದಾಸನು ಸದುಕ್ತಿಕರ್ಣಾಮೃತವನ್ನೂ, ೧೨೫೮ರಲ್ಲಿ ದೇವಗಿರಿಯ ಜಲ್ಹಣನು ಸೂಕ್ತಿಮುಕ್ತಾವಲಿಯನ್ನೂ, ೧೩೬೩ರಲ್ಲಿ ಶಾರ್ಙ್ಗಧರನು ತನ್ನ ಪದ್ಧತಿಯನ್ನೂ ಇದೇ ದಾರಿಯಲ್ಲಿ ಕಟ್ಟಿದರು. ಮಳೆ ಬಂದಾಗ ಕೇಳತಕ್ಕ ಹಾಡುಗಳು ಎಂದು ನಮ್ಮ ಮೊಮ್ಮಗಳು ಪಟ್ಟಿಮಾಡಿದರೆ, ಅವಳು ತನಗರಿಯದೆಯೇ ವಿದ್ಯಾಕರನ ಶಾಖೆಗೆ ಸೇರಿದವಳು. ಅವಳನ್ನು ನೋಡಿ ನಗುವುದಕ್ಕಿಂತ ಆ ಶಾಖೆಯ ನಿಯಮವನ್ನು ಅವಳಿಗೆ ಕಲಿಸುವುದು ನಮಗೆ ಮರ್ಯಾದೆ.

ಆ ನಿಯಮವಾದರೂ ಯಾವುದು? ಆ ಪ್ರಾಚೀನರು ತಮಗೆ ತಿಳಿದಮಟ್ಟಿಗೆ ಶ್ಲೋಕದ ಕೊನೆಗೆ ಕವಿಯ ಹೆಸರನ್ನು ಷಷ್ಠೀವಿಭಕ್ತಿಯಲ್ಲಿ ನಿಲ್ಲಿಸಿದರು. ಇಂಥವನದು, ಇಂಥವಳದು ಎಂಬ ಒಂದೇ ಮಾತು. ಅದಕ್ಕೆ ಅವರಿಗೆ ತಗುಲಿದ ವೆಚ್ಚವೆಂದರೆ ತಾಳೆಯ ಗರಿಯಲ್ಲಿ ನಾಲ್ಕಾರು ಅಕ್ಷರಗಳ ಜಾಗ. ಅದರಿಂದ ನಮಗೆ ದೊರೆತ ಲಾಭವೆಂದರೆ, ಕಾವ್ಯವೆಲ್ಲ ನಷ್ಟವಾಗಿ ಹೋದ ಎಷ್ಟೋ ಕವಿಗಳು ಇಂದಿಗೂ ಹೆಸರಿನಿಂದ ಬದುಕಿರುವುದು. ವಿಜ್ಜಿಕೆಯೆಂಬ ಕವಯಿತ್ರಿಯನ್ನೇ ನೋಡಿರಿ. ಈಕೆ ಕರ್ಣಾಟದವಳೆಂದು ಪರಂಪರೆಯು ಹೇಳುತ್ತದೆ. ಇಮ್ಮಡಿ ಪುಲಕೇಶಿಯ ಸೊಸೆಯಾದ ವಿಜಯಭಟ್ಟಾರಿಕೆಯೇ ಈಕೆಯೆಂದು ಊಹಿಸಿದ ವಿದ್ವಾಂಸರೂ ಉಂಟು. ಈಕೆಯನ್ನು ನಾವು ಕವಿಯೆಂದು ಬಲ್ಲೆವಾದರೆ ಅದಕ್ಕೆ ಕಾರಣ ಸಂಕಲನಕಾರರು ಹೆಸರು ಬರೆದದ್ದು. ಅವರಿಗೂ ನಮ್ಮ ಹುಡುಗರ ಹಾಗೆ, ಪದ್ಯ ಚೆನ್ನಾಗಿದೆ, ಹೆಸರೇಕೆ ಎಂದು ತೋರಿದ್ದರೆ, ಕನ್ನಡನಾಡಿನ ಒಬ್ಬ ಹೆಣ್ಣುಮಗಳು ಕವಿಗಳ ಪಂಕ್ತಿಯಿಂದ ಎದ್ದುಹೋಗುತ್ತಿದ್ದಳು.

ಇದಕ್ಕೆ ಪ್ರತಿಯಾಗಿ ನಮ್ಮದೇ ಮನೆಯ ಉದಾಹರಣೆಯೊಂದನ್ನು ಕೊಡುತ್ತೇನೆ. ಹದಿಮೂರನೆಯ ಶತಮಾನದಲ್ಲಿ, ಶಬ್ದಮಣಿದರ್ಪಣದ ಕೇಶಿರಾಜನ ತಂದೆಯಾದ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ವಿನೋದಕ್ಕಾಗಿ ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಸಮುದ್ರ, ಪರ್ವತ, ಋತು, ಚಂದ್ರೋದಯ ಎಂದು ಅಷ್ಟಾದಶವರ್ಣನೆಗಳ ಕ್ರಮದಲ್ಲಿ ಹಳಗನ್ನಡದ ಒಳ್ಳೊಳ್ಳೆಯ ಪದ್ಯಗಳನ್ನು ಪೋಣಿಸಿದ ಆ ಮಹೋಪಕಾರಕ್ಕೆ ಕನ್ನಡಿಗರು ಎಂದಿಗೂ ಋಣಿಗಳು. ಆದರೆ ಪದ್ಯದ ಪಕ್ಕದಲ್ಲಿ ಕವಿಯ ಹೆಸರನ್ನು ನಿಲ್ಲಿಸುವ ವಾಡಿಕೆ ಅಲ್ಲಿಲ್ಲ. ಇದರ ಫಲವಾಗಿ, ಈ ಪದ್ಯ ಯಾರದು, ಆ ಪದ್ಯ ಯಾವ ಕಾವ್ಯದ್ದು ಎಂದು ಹುಡುಕುವುದರಲ್ಲಿಯೇ ನಮ್ಮ ಪಂಡಿತರ ಎಷ್ಟೋ ದಿನಗಳು ಸವೆದವು; ಆಕರವೇ ಅಳಿದುಹೋದ ಪದ್ಯಗಳಿಗೆ ಇಂದಿಗೂ ಒಡೆಯರಿಲ್ಲ. ಅಷ್ಟು ದೊಡ್ಡ ವಿದ್ವಾಂಸನ ಕೈಯಿಂದಲೇ ಬಿಟ್ಟುಹೋದ ಹೆಸರುಗಳನ್ನು ಏಳುನೂರು ವರ್ಷಗಳಾದರೂ ತುಂಬಿಕೊಡಲಾಗಲಿಲ್ಲವೆಂದಮೇಲೆ, ನಮ್ಮ ತರುಣರು ದಿನವೊಂದಕ್ಕೆ ಹತ್ತರಂತೆ ಕಟ್ಟಿ ಹರಿಯಬಿಡುತ್ತಿರುವ ಹೆಸರಿಲ್ಲದ ಪಟ್ಟಿಗಳ ಗತಿ ಏನಾದೀತು?

ಇನ್ನು ಪ್ರಕೃತಕ್ಕೆ ಬರೋಣ. ಕಳೆದ ರಾಜ್ಯೋತ್ಸವದಲ್ಲಿ ನನ್ನ ಕೈಗೆ ಅಂತಹ ಪಟ್ಟಿಯೊಂದು ಬಂದಿತು. ಕಟ್ಟಿದವರ ಉತ್ಸಾಹವು ಮೆಚ್ಚತಕ್ಕದ್ದೇ. ೨೦೦೪ರಲ್ಲಿ ನಾಡಗೀತೆಯೆಂದು ಸರ್ಕಾರವು ಅಂಗೀಕರಿಸಿದ ಕುವೆಂಪು ಅವರ ಗೀತೆ ಅದರಲ್ಲಿತ್ತು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ, ಹುಯಿಲಗೋಳ ನಾರಾಯಣರಾಯರ ಗೀತೆಯಿತ್ತು. ಶಿವಮೊಗ್ಗೆಯಲ್ಲಿ ಅಧ್ಯಾಪಕರಾಗಿದ್ದ ನಿಸಾರ್ ಅಹಮದರ ನಿತ್ಯೋತ್ಸವವಿತ್ತು. ಚಲಚ್ಚಿತ್ರದ ಹಾಡುಗಳೂ ಬೇಕಾದಷ್ಟಿದ್ದವು. ಆದರೆ ಮೊದಲಿನಿಂದ ಕೊನೆಯವರೆಗೆ ಅದರಲ್ಲಿ ಒಬ್ಬನೇ ಒಬ್ಬ ಕವಿಯ ಹೆಸರಿಲ್ಲ! ಹಾಡಿಗೊಂದರಂತೆ ನಟರ ಭಾವಚಿತ್ರಗಳು, ಅವುಗಳ ಕೆಳಗೆ ಕಟ್ಟಿದ ಬಳಗದ ಹೆಸರು, ಹಂಚಿದವರ ಹೆಸರು, ಕೊನೆಗೆ ಶುಭ ಕೋರುವವರ ಹೆಸರು. ಕನ್ನಡದ ಹಬ್ಬಕ್ಕೆ ಕಟ್ಟಿದ ಹಾರದಲ್ಲಿ ಕನ್ನಡವನ್ನು ಬರೆದವರನ್ನು ಬಿಟ್ಟು ಉಳಿದವರೆಲ್ಲರೂ ಇದ್ದರು.

ಇದೊಂದೇ ಪಟ್ಟಿಯ ಮಾತಲ್ಲ. ನಟನ ಹೆಸರಿನಿಂದ ಹಾಡನ್ನು ಕರೆಯುವ ವಾಡಿಕೆಯು ಎಷ್ಟು ದೂರ ಹೋಗಿದೆಯೆಂಬುದನ್ನು ನೋಡಿರಿ. ೧೯೬೭ರ ಬೆಳ್ಳಿಮೋಡ ಚಿತ್ರದಲ್ಲಿ ಬೇಂದ್ರೆಯವರ ಪ್ರಸಿದ್ಧವಾದ ಕವಿತೆಯೊಂದಿದೆ, ವಿಜಯಭಾಸ್ಕರರ ಸಂಗೀತ. ಪಟ್ಟಿಗಳಲ್ಲಿ ಅದು ಕಲ್ಪನಾ ಹಾಡು. ೧೯೮೨ರ ಹೊಸಬೆಳಕು ಚಿತ್ರದಲ್ಲಿ ಕುವೆಂಪು ಅವರ ಕವಿತೆಯೊಂದಿದೆ, ಎಂ. ರಂಗರಾಯರ ಸಂಗೀತ. ಪಟ್ಟಿಗಳಲ್ಲಿ ಅದು ರಾಜಕುಮಾರ್ ಹಾಡು. ನಮ್ಮ ನೆರೆಯ ದುರ್ಗದ ಕೋಟೆಯನ್ನು ನಾಡಿಗೆಲ್ಲ ತೋರಿಸಿದ ೧೯೭೨ರ ನಾಗರಹಾವು ಚಿತ್ರವನ್ನು ತೆಗೆದುಕೊಳ್ಳಿ. ವಿಜಯಭಾಸ್ಕರರು ರಾಗ ಕೂಡಿಸಿದ ಆ ಹಾಡುಗಳನ್ನು ಬರೆದವರು ವಿಜಯನಾರಸಿಂಹ, ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಎಂಬ ಮೂವರು, ಹಾಡಿದವರು ಪಿ.ಬಿ. ಶ್ರೀನಿವಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಪಿ. ಸುಶೀಲಾ ಮೊದಲಾದವರು. ಒಬ್ಬನೇ ನಾಯಕನಿಗೆ ಒಂದು ಹಾಡಿನಲ್ಲಿ ಒಬ್ಬರ ಕಂಠ, ಇನ್ನೊಂದರಲ್ಲಿ ಇನ್ನೊಬ್ಬರದು. ಇಷ್ಟು ಮಂದಿಯ ವಿದ್ಯೆಯೆಲ್ಲ ವಿಷ್ಣುವರ್ಧನ್ ಹಿಟ್ಸ್ ಎಂಬ ಎರಡು ಮಾತಿನ ಚೀಲದೊಳಗೆ ಬಿದ್ದು ಬಾಯಿ ಕಟ್ಟಿಸಿಕೊಂಡಿದೆ.

ನಮ್ಮ ಹೊನ್ನಾಳಿಗೆ ನೆರೆಯ ತಾಲ್ಲೂಕಾದ ಶಿಕಾರಿಪುರದ ಈಸೂರಿನಲ್ಲಿ ೧೯೨೬ರಲ್ಲಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪನವರ ಮಾತನ್ನೂ ಹೇಳಬೇಕು. ದೂರದರ್ಶನದ ವಾಹಿನಿಯೊಂದರಲ್ಲಿ ಬಾಲಸುಬ್ರಹ್ಮಣ್ಯಂ ಅವರು ವರ್ಷಗಟ್ಟಲೆ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಎಂಬ ಕಾರ್ಯಕ್ರಮವನ್ನು ಅರಿಯದ ಮನೆ ನಮ್ಮ ಸೀಮೆಯಲ್ಲಿಲ್ಲ. ಆ ಹೆಸರಿನ ಬೇರು ಶಿವರುದ್ರಪ್ಪನವರ ಕವಿತೆಯಲ್ಲಿದೆಯೆಂದು ಬಲ್ಲ ತರುಣರು ಎಷ್ಟು ಮಂದಿ? ಗಾಯಕರನ್ನು ಮೆಚ್ಚಿದ್ದು ತಪ್ಪಲ್ಲ. ೨೦೨೦ರಲ್ಲಿ ಅವರು ತೀರಿಕೊಂಡಾಗ ನಾವೆಲ್ಲರೂ ಕಣ್ಣೀರು ಹಾಕಿದವರೇ. ಆದರೆ ನೆರೆಯೂರಿನ ರಾಷ್ಟ್ರಕವಿಯು ತನ್ನ ಮಾತಿನಿಂದಲೇ ಹೊರಗಾಗುವುದು ನ್ಯಾಯವೆ?

ಈಗ ಪೂರ್ವಪಕ್ಷಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ರಸಿಕನಿಗೆ ಬೇಕಾದದ್ದು ರಸ, ಹೆಸರಲ್ಲ. ಹಾಡು ಸಾಧಾರಣೀಕೃತವಾಗಿ ಎಲ್ಲರದೂ ಆದಮೇಲೆ ಕರ್ತೃವಿನ ಗೊಡವೆಯೇಕೆ ಎಂಬುದು ಮೊದಲನೆಯ ಪೂರ್ವಪಕ್ಷ. ಅಲಂಕಾರಶಾಸ್ತ್ರದ ಮಾತನ್ನು ತಂದಿದ್ದಾರೆಂದು ನನಗೆ ಸಂತೋಷವೇ. ಆದರೆ ಸಾಧಾರಣೀಕರಣವು ಆಸ್ವಾದದ ಕಾಲಕ್ಕೆ ಸಂಬಂಧಿಸಿದ ಮಾತು. ಋಣದ ಲೆಕ್ಕಕ್ಕೆ ಸಂಬಂಧಿಸಿದ್ದಲ್ಲ. ಊಟಮಾಡುವಾಗ ಅಡುಗೆಯವರ ಹೆಸರನ್ನು ಜಪಿಸುತ್ತ ಕೂರಬೇಕಾಗಿಲ್ಲ, ನಿಜ. ಹಾಗೆಂದು ಉಂಡು ಎದ್ದವನು ಈ ಮನೆಯಲ್ಲಿ ಯಾರೂ ಅಡುಗೆ ಮಾಡಲಿಲ್ಲವೆಂದರೆ ಕೇಳಿದವರು ಏನೆಂದಾರು?

ಎರಡನೆಯದು ಜನಪದಗೀತೆಯನ್ನು ಮುಂದುಮಾಡಿಕೊಂಡು ಬರುವ ಆಕ್ಷೇಪ. ಜನಪದಕ್ಕೆ ಕರ್ತೃವಿಲ್ಲ, ಆದಕಾರಣ ಹೆಸರಿಲ್ಲದೆ ಹಾಡುವುದೇ ನಮ್ಮ ದೇಸಿಯ ಸಂಪ್ರದಾಯ ಎನ್ನುತ್ತಾರೆ. ಇದಕ್ಕೆ ನನ್ನ ಉತ್ತರವು ಪಾಠಶಾಲೆಯದು. ಮೀಮಾಂಸಕರ ಮತದಲ್ಲಿ ವೇದವು ಅಪೌರುಷೇಯ. ಅದಕ್ಕೆ ಕರ್ತೃವೇ ಇಲ್ಲ. ಹೀಗಿದ್ದರೂ ಸಂಧ್ಯಾವಂದನೆ ಕಲಿಯುವ ಹುಡುಗನಿಗೆ ಗುರುವು ಮಂತ್ರಕ್ಕಿಂತ ಮುಂಚೆ ಏನನ್ನು ಹೇಳಿಸುತ್ತಾನೆ? ಈ ಮಂತ್ರಕ್ಕೆ ಋಷಿ ಯಾರು, ಛಂದಸ್ಸು ಯಾವುದು, ದೇವತೆ ಯಾರು ಎಂದು ಹೇಳಿಸುತ್ತಾನೆ. ಮಾಡಿದವರೇ ಇಲ್ಲವೆಂದು ಸಿದ್ಧಾಂತಮಾಡಿದ ಮಾತಿಗೂ ಕಂಡವನ ಹೆಸರನ್ನು ಹೇಳದೆ ಬಾಯಿ ತೆರೆಯಬಾರದೆಂಬುದು ನಮ್ಮ ಶಿಸ್ತು. ಜನಪದಗೀತೆಗೆ ಕರ್ತೃವು ತಿಳಿಯದಿದ್ದರೇನಂತೆ? ಹಾಡಿದವಳು ಇದ್ದಾಳೆ, ಅವಳಿಗೆ ಹೆಸರಿದೆ, ಊರಿದೆ. ಅಂಕೋಲೆಯ ಸುಕ್ರಿ ಬೊಮ್ಮಗೌಡರ ಹೆಸರನ್ನು ಜನರು ಅರಿತದ್ದರಿಂದಲ್ಲವೆ ಹಾಲಕ್ಕಿಯವರ ಹಾಡಿಗೆ ನಾಡಿನಲ್ಲಿ ಬೆಲೆ ಬಂದದ್ದು, ೨೦೧೭ರಲ್ಲಿ ಪದ್ಮಶ್ರೀ ಬಂದದ್ದು? ನಮ್ಮ ಜಗಳೂರಿಗೆ ಹತ್ತಿರದ ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಹೆಸರು ಉಳಿದದ್ದು, ಹಾಡನ್ನು ಬರೆದುಕೊಂಡವರು ಹಾಡಿದವಳನ್ನೂ ಬರೆದುಕೊಂಡದ್ದರಿಂದ.

ಈ ಎರಡನೆಯ ಆಕ್ಷೇಪದಲ್ಲಿ ನಮ್ಮ ಜಿಲ್ಲೆಗೆ ಸೇರಿದ ಒಂದು ದೊಡ್ಡ ಅಪಾಯವು ಅಡಗಿದೆ. ಆದಕಾರಣ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಚನ್ನಗಿರಿ ಹೊನ್ನಾಳಿಗಳೂ, ಚಿತ್ರದುರ್ಗದಿಂದ ಜಗಳೂರೂ ಬಂದು ಕೂಡಿದವು. ಹೊನ್ನಾಳಿಯಿಂದ ಒಡೆದು ನ್ಯಾಮತಿಯು ಈಚೆಗೆ ತಾಲ್ಲೂಕಾಯಿತು. ಹೀಗಾಗಿ ಮಲೆನಾಡಿನ ಸೆರಗಿನ ಅಡಕೆಯ ತೋಟದ ಹಾಡೂ, ಭದ್ರಾನಾಲೆಯ ಗದ್ದೆಯ ನಾಟಿಯ ಹಾಡೂ, ಬೆದ್ದಲು ಸೀಮೆಯ ಗೊಲ್ಲರಹಟ್ಟಿಯ ಪದವೂ ಒಂದೇ ಜಿಲ್ಲೆಯೊಳಗೆ ಬಂದಿವೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿ ತಿಂಗಳ ಸಂತ ಸೇವಾಲಾಲರ ಜಯಂತಿಗಾಗಿ ದೇಶದ ನಾನಾ ಕಡೆಗಳಿಂದ ಬಂಜಾರರು ಬಂದು ಸೇರುತ್ತಾರೆ. ಅವರ ಹೆಂಗಸರು ಕೂಡಿ ಹಾಡುವುದನ್ನು ಕೇಳಿದವರು ಮರೆಯಲಾರರು. ಈ ಹಾಡುಗಳನ್ನೆಲ್ಲ ಈಗ ತರುಣರು ಕೈಯಲ್ಲಿರುವ ಮೊಬೈಲಿನಲ್ಲಿ ಹಿಡಿದು ಮುದ್ರಿಸಿಕೊಳ್ಳುತ್ತಾರೆ. ಇದು ಶ್ಲಾಘ್ಯ. ಆದರೆ ಹಿಡಿದದ್ದನ್ನು ಸೂಪರ್ ಜಾನಪದ ಎಂಬ ಹಣೆಪಟ್ಟಿ ಹಚ್ಚಿ ಪಟ್ಟಿಯೊಳಗೆ ತಳ್ಳಿಬಿಟ್ಟರೆ, ಹಾಡಿದ ಮುದುಕಿ ಯಾರು, ಯಾವ ತಾಂಡಾ, ಯಾವ ಹಟ್ಟಿ, ಯಾವ ಸಂದರ್ಭದ ಹಾಡು ಎಂಬುದೆಲ್ಲ ಅಲ್ಲಿಗೇ ಮುಗಿಯಿತು. ಮುಂದೆ ಯಾರೋ ಒಬ್ಬನು ಅದಕ್ಕೆ ಯಂತ್ರದ ತಾಳ ಸೇರಿಸಿ ತನ್ನ ಹೆಸರನ್ನು ಹಾಕಿಕೊಳ್ಳುತ್ತಾನೆ. ಬರುವ ಕಾಸು ಅವನದು, ಕೀರ್ತಿ ಅವನದು. ಹಾಡಿದವಳಿಗೆ ಅದು ತನ್ನ ಹಾಡೆಂದು ಹೇಳಿಕೊಳ್ಳುವುದಕ್ಕೂ ಆಧಾರವಿಲ್ಲ. ಕುವೆಂಪು ಬೇಂದ್ರೆಯವರ ಹೆಸರನ್ನು ಪಟ್ಟಿಯವರು ಬಿಟ್ಟರೂ ಪುಸ್ತಕವು ಕಾಪಾಡುತ್ತದೆ. ಈ ತಾಯಂದಿರಿಗೆ ಯಾವ ಪುಸ್ತಕವಿದೆ? ಪಟ್ಟಿಯೇ ಅವರ ಪುಸ್ತಕ. ಅದರಲ್ಲಿ ಹೆಸರಿಲ್ಲವೆಂದರೆ ಎಲ್ಲಿಯೂ ಇಲ್ಲ.

ಮೂರನೆಯ ಪೂರ್ವಪಕ್ಷವು ಅಭಿಮಾನಿಗಳದು. ಹಾಡಿಗೆ ಪ್ರಾಣ ಬಂದದ್ದು ನಮ್ಮ ನಾಯಕನಿಂದ, ಆದಕಾರಣ ಅವನ ಹೆಸರೇ ಸಾಕು ಎನ್ನುತ್ತಾರೆ. ರಾಜಕುಮಾರರ ಸಂಗತಿಯನ್ನೇ ತೆಗೆದುಕೊಂಡು ಉತ್ತರ ಕೊಡುತ್ತೇನೆ. ಅವರಿಗೆ ಬಹುಕಾಲ ಕಂಠವಾಗಿದ್ದವರು ಪಿ.ಬಿ. ಶ್ರೀನಿವಾಸರು. ೧೯೭೪ರಲ್ಲಿ ಸಂಪತ್ತಿಗೆ ಸವಾಲ್ ಚಿತ್ರಕ್ಕಾಗಿ, ಜಿ.ಕೆ. ವೆಂಕಟೇಶರ ಸಂಗೀತದಲ್ಲಿ, ಎಮ್ಮೆಯ ಮೇಲೆ ಕುಳಿತು ಹಾಡುವ ಆ ಹಾಡನ್ನು ರಾಜಕುಮಾರರೇ ಹಾಡಿದರು. ಅಲ್ಲಿಂದ ಮುಂದೆ ಅವರ ಹಾಡುಗಾರಿಕೆಯು ಬೆಳೆದು, ಜೀವನಚೈತ್ರ ಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿಯನ್ನೂ ತಂದಿತು. ಹೆಸರನ್ನು ಹೇಳದ ಪಟ್ಟಿಯಲ್ಲಿ ಈ ಕಥೆಯೆಲ್ಲ ಅಳಿಸಿಹೋಗುತ್ತದೆ. ಅವರು ಹಾಡದಿದ್ದ ಹಾಡನ್ನು ಅವರದೆಂದು ಎಣಿಸಿದಾಗ, ಅವರು ಶ್ರಮಪಟ್ಟು ಹಾಡಿದ ಹಾಡಿನ ಹೆಚ್ಚುಗಾರಿಕೆಯೂ ತಿಳಿಯದೆಹೋಗುತ್ತದೆ. ಶ್ರೀನಿವಾಸರಿಗೆ ಆದ ಅನ್ಯಾಯವು ಹೀಗೆ ರಾಜಕುಮಾರರಿಗೂ ಆಯಿತಷ್ಟೆ. ತಮ್ಮನ್ನು ಮೆಚ್ಚಿದವರನ್ನು ದೇವರೆಂದು ಕರೆದ ಆ ಕಲಾವಿದರಿಗೆ ಅಭಿಮಾನಿ ದೇವರುಗಳು ಸಲ್ಲಿಸತಕ್ಕ ಪ್ರಸಾದವು ಇದೆ? ನಮ್ಮ ಅಭಿಮಾನಿಗಳಿಗೆ ಜ್ಞಾಪಕಶಕ್ತಿ ಕಡಮೆಯೆಂದು ನಾನು ಹೇಳಲಾರೆ. ಯಾವ ಚಿತ್ರ ಯಾವ ದಿನ ತೆರೆಗೆ ಬಂದಿತು, ಯಾವ ಊರಿನ ಯಾವ ಟಾಕೀಸಿನಲ್ಲಿ ಎಷ್ಟು ವಾರ ನಡೆಯಿತು ಎಂಬುದನ್ನು ಅಮರಕೋಶದಂತೆ ಒಪ್ಪಿಸುವವರನ್ನು ಚನ್ನಗಿರಿಯ ಹೋಟೆಲುಗಳಲ್ಲಿ ನಾನೇ ಕೇಳಿದ್ದೇನೆ. ಅಷ್ಟನ್ನು ಹೊತ್ತ ತಲೆಗೆ ಚಿ. ಉದಯಶಂಕರ್ ಎಂಬ ಒಂದು ಹೆಸರು ಭಾರವೆ?

ನಾಲ್ಕನೆಯವರು, ಇಷ್ಟೆಲ್ಲ ಬರೆಯಲು ಸ್ಥಳವಿಲ್ಲ, ಓದಲು ಯಾರಿಗೂ ಹೊತ್ತಿಲ್ಲ ಎನ್ನುತ್ತಾರೆ. ಇದು ಸೋಮಾರಿತನದ ಮಾತು. ಪೂರ್ವದ ದಾಸರೂ ಶರಣರೂ ಇಂತಹ ಮರೆವನ್ನು ಬಲ್ಲವರಂತೆ ಹಾಡಿನ ಒಡಲಿನಲ್ಲಿಯೇ ಅಂಕಿತವನ್ನು ಹೊಲಿದುಬಿಟ್ಟರು. ಪುರಂದರವಿಠಲನೆಂಬುದನ್ನೋ ಕೂಡಲಸಂಗಮದೇವನೆಂಬುದನ್ನೋ ಕಿತ್ತರೆ ಪದವೇ ಹರಿಯುತ್ತದೆ. ಧ್ವನಿಮುದ್ರಣವು ನಮ್ಮ ದೇಶಕ್ಕೆ ಬಂದಾಗ, ೧೯೦೨ರಲ್ಲಿ, ಕಲ್ಕತ್ತೆಯ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಅದು ಯಂತ್ರಯುಗದ ಅಂಕಿತ. ೧೯೫೭ರಲ್ಲಿ ಆರಂಭವಾದ ವಿವಿಧಭಾರತಿಯಲ್ಲಿಯೂ, ೧೯೬೫ರಿಂದ ನಮ್ಮ ಸೀಮೆಗೆ ದನಿಯಾದ ಭದ್ರಾವತಿಯ ಆಕಾಶವಾಣಿಯಲ್ಲಿಯೂ ಉದ್ಘೋಷಕರು ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ನಾಲ್ಕು ಹೆಸರನ್ನು ಹೇಳಿಯೇ ತಟ್ಟೆಯನ್ನು ತಿರುಗಿಸುತ್ತಿದ್ದರು. ಅದಕ್ಕೆ ಹಿಡಿಯುತ್ತಿದ್ದ ಕಾಲ ಎರಡು ಉಸಿರಿನಷ್ಟು. ಅಕ್ಷರ ಬಾರದ ಹಳ್ಳಿಯ ಹೆಂಗಸರೂ ಹಾಗೆ ಕೇಳಿ ಕೇಳಿಯೇ ಕವಿಗಳ ಹೆಸರನ್ನು ಕಲಿತರು. ೧೯೭೮ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಕೂಡಿಸಿದ ನಿತ್ಯೋತ್ಸವದ ಕ್ಯಾಸೆಟ್ಟು ಬಂದಾಗ ಭಾವಗೀತೆಗಳು ಮನೆಮನೆಗೂ ಹೊಕ್ಕವು; ಅಂಗೈಯಗಲದ ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಕವಿಗೆ ಸ್ಥಳವಿತ್ತು. ಈಗಿನ ಪಟ್ಟಿಗಳಲ್ಲಿ ಶೀರ್ಷಿಕೆಯ ಕೆಳಗೆ ವಿವರಣೆಯನ್ನು ಬರೆಯುವುದಕ್ಕೆಂದೇ ಒಂದು ಸ್ಥಳವನ್ನು ಬಿಟ್ಟಿದ್ದಾರೆ. ಅದನ್ನು ಹೃದಯದ ಚಿಹ್ನೆಗಳಿಂದಲೂ ಬೆಂಕಿಯ ಚಿಹ್ನೆಗಳಿಂದಲೂ ತುಂಬುವವರು ಸ್ಥಳವಿಲ್ಲವೆಂದರೆ ಯಾರು ನಂಬಬೇಕು?

ಐದನೆಯದಾಗಿ, ಯಂತ್ರವೇ ಪಟ್ಟಿಯನ್ನು ಕಟ್ಟಿಕೊಡುವಾಗ ನಮ್ಮದೇನು ಹೊಣೆ ಎನ್ನುವವರಿದ್ದಾರೆ. ಈ ಹಾಡನ್ನು ಕೇಳಿದವರು ಮುಂದೆ ಯಾವುದನ್ನು ಕೇಳಿದರು ಎಂಬ ಲೆಕ್ಕದ ಮೇಲೆ ಯಂತ್ರವು ಹಾಡಿನ ಪಕ್ಕಕ್ಕೆ ಹಾಡನ್ನು ತಂದು ನಿಲ್ಲಿಸುತ್ತದೆ. ಅದಕ್ಕೆ ಬೇಂದ್ರೆಯೂ ಒಂದೇ, ಬಸ್‌ಸ್ಟ್ಯಾಂಡಿನ ಗಲಾಟೆಯೂ ಒಂದೇ. ಯಂತ್ರಕ್ಕೆ ಋಣವಿಲ್ಲ, ಏಕೆಂದರೆ ಅದು ಏನನ್ನೂ ಮೆಚ್ಚಿಲ್ಲ. ಮೆಚ್ಚಿ ಆಯುವವನು ಮನುಷ್ಯ. ಆದಕಾರಣ ಹೊಣೆಯೂ ಅವನದೇ. ಅಭಿಮಾನಿಯು ಯಂತ್ರದ ನೆಪವನ್ನು ಹೇಳಿದರೆ ತನ್ನ ಅಭಿಮಾನವನ್ನೇ ಅಲ್ಲಗಳೆದಂತೆ.

ಯಂತ್ರದ ಮಾತು ಬಂದದ್ದರಿಂದ ಇನ್ನೊಂದು ದುರಭ್ಯಾಸವನ್ನೂ ಹೇಳಿಬಿಡುತ್ತೇನೆ. ಕೇಳಿದವರ ಎಣಿಕೆಯನ್ನು ಏರಿಸುವುದಕ್ಕಾಗಿ ದನಿಯನ್ನು ಅಡಗಿಸಿ, ಹಾಡನ್ನು ರಾತ್ರಿಯೆಲ್ಲ ಓಡಲು ಬಿಟ್ಟು, ತಾವು ಮಲಗುವ ಅಭಿಮಾನಿಗಳಿದ್ದಾರೆ. ಇದನ್ನು ಸೇವೆಯೆಂದು ತಿಳಿಯುತ್ತಾರೆ. ಮಣಿಯನ್ನು ಎಣಿಸಿ ಮಂತ್ರವನ್ನು ಮರೆತ ಜಪಕ್ಕೂ ಇದಕ್ಕೂ ಏನು ಭೇದ? ಕಿವಿಯಿಲ್ಲದ ಲಕ್ಷದ ಎಣಿಕೆಗಿಂತ, ಒಬ್ಬ ಹುಡುಗಿಯು ಹಾಡನ್ನು ಕೇಳಿ ಅದನ್ನು ಬರೆದವರ ಪುಸ್ತಕವನ್ನು ವಾಚನಾಲಯದಲ್ಲಿ ಕೇಳಿಕೊಂಡು ಬಂದರೆ ಅದು ಹೆಚ್ಚು. ಪಟ್ಟಿಯನ್ನು ಪ್ರಚಾರಮಾಡುವುದೆಂದರೆ ಹೀಗೆ ಕೇಳುವವರನ್ನು ಹೆಚ್ಚಿಸುವುದೇ ಹೊರತು ಅಂಕೆಯನ್ನು ಹೆಚ್ಚಿಸುವುದಲ್ಲ.

ಧರ್ಮದ ಮಾತಿಗೆ ಕಿವಿಗೊಡದವರಿಗೆ ಕಾಯಿದೆಯ ಮಾತೊಂದಿದೆ. ೧೯೫೭ರ ಹಕ್ಕುಸ್ವಾಮ್ಯದ ಕಾಯಿದೆಯ ೫೭ನೆಯ ಕಲಮಿನ ಪ್ರಕಾರ, ಕರ್ತೃವು ತನ್ನ ಕೃತಿಯ ಹಕ್ಕನ್ನು ಮಾರಿಕೊಂಡಮೇಲೂ, ಇದನ್ನು ಮಾಡಿದವನು ನಾನು ಎಂದು ಹೇಳಿಕೊಳ್ಳುವ ಹಕ್ಕು ಅವನಲ್ಲಿಯೇ ಉಳಿಯುತ್ತದೆ. ೨೦೧೨ರ ತಿದ್ದುಪಡಿಯು ಹಾಡುವವರಿಗೂ ಬಾರಿಸುವವರಿಗೂ ಇಂತಹದೇ ಹಕ್ಕನ್ನು ಕೊಟ್ಟಿತು. ಚಿತ್ರಗೀತೆಯನ್ನು ಬರೆದವರಿಗೂ ರಾಗ ಕೂಡಿಸಿದವರಿಗೂ, ಚಿತ್ರಮಂದಿರದ ಹೊರಗೆ ಆ ಹಾಡಿನಿಂದ ಬರುವ ಸಂಭಾವನೆಯಲ್ಲಿ ಬಿಟ್ಟುಕೊಡಲಾಗದ ಪಾಲನ್ನೂ ಇರಿಸಿತು. ನಮ್ಮ ಹುಡುಗರನ್ನು ಕೋರ್ಟಿಗೆ ಎಳೆಯಬೇಕೆಂದು ನಾನು ಹೇಳುತ್ತಿಲ್ಲ. ರಾಷ್ಟ್ರದ ಶಾಸನವು ಕೂಡ ಹಣಕ್ಕಿಂತ ಹೆಸರನ್ನು ಬಿಡಿಸಲಾಗದ ಸ್ವತ್ತೆಂದು ಎಣಿಸಿರುವುದನ್ನು ಅವರು ಅರಿಯಲಿ ಎನ್ನುತ್ತೇನೆ. ಒಂದೇ ಹಾಡಿಗೆ ಒಡೆಯರು ಏರಿಸಿದ ಪ್ರತಿಯೂ, ಯಾರೋ ಕದ್ದು ಹೆಸರು ಕತ್ತರಿಸಿ ಏರಿಸಿದ ಪ್ರತಿಯೂ ದೊರೆಯುತ್ತವೆ. ಮೊದಲನೆಯದನ್ನು ಆಯುವುದು ಸಂಕಲನಕಾರನ ವಿವೇಕ.

ಹಾಗಾದರೆ ಮಾಡತಕ್ಕದ್ದೇನು? ಪಟ್ಟಿಗಳನ್ನು ನಿಲ್ಲಿಸತಕ್ಕದ್ದಲ್ಲ, ಒಳ್ಳೆಯ ಪಟ್ಟಿಗಳನ್ನು ಕಟ್ಟತಕ್ಕದ್ದು. ಪ್ರತಿಯೊಂದು ಹಾಡಿಗೂ ಕವಿ, ರಾಗ ಕೂಡಿಸಿದವರು, ಹಾಡಿದವರು, ಆಕರವಾದ ಚಿತ್ರ ಅಥವಾ ಪುಸ್ತಕ, ಅದರ ವರ್ಷ, ಇಷ್ಟನ್ನು ಹೇಳತಕ್ಕದ್ದು. ಜನಪದಗೀತೆಗಾದರೆ ಹಾಡಿದವರ ಹೆಸರು, ಊರು, ಹಾಡಿನ ಸಂದರ್ಭ, ಬರೆದುಕೊಂಡವರು ಯಾರು ಎಂಬುದು ಬೇಕು. ಹಾಡಿದವರನ್ನು ಕೇಳಿ ಒಪ್ಪಿಗೆ ಪಡೆಯುವುದು ಅದಕ್ಕಿಂತ ಮ���ದಲು ಬೇಕು. ನೂರು ಹಾಡನ್ನು ತುರುಕುವುದಕ್ಕಿಂತ, ಹನ್ನೆರಡನ್ನು ಆಯ್ದು, ಇವೇ ಏಕೆ ಎಂದು ಎರಡು ಮಾತು ಬರೆಯತಕ್ಕದ್ದು. ವಸ್ತುವನ್ನೂ ಸ್ವಲ್ಪ ವಿಸ್ತರಿಸಬೇಕು. ನಾಯಕನೊಬ್ಬನ ಹಾಡುಗಳ ಪಕ್ಕದಲ್ಲಿ ವಿಜಯನಾರಸಿಂಹರ ಹಾಡುಗಳು, ವಿಜಯಭಾಸ್ಕರರ ರಾಗಗಳು, ಚಿತ್ರಗಳಿಗೆ ಹೋದ ಕವಿತೆಗಳು ಎಂಬ ಪಟ್ಟಿಗಳೂ ಬರಲಿ. ೧೯೪೨ರಲ್ಲಿ ಅಚ್ಚಾದ ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆಯು ಅರ್ಧ ಶತಮಾನದ ಮೇಲೆ ನಾಗಾಭರಣರ ಚಿತ್ರವಾಗಿ, ಸಿ. ಅಶ್ವಥ್ ಅವರ ಸಂಗೀತದಿಂದ ಮತ್ತೆ ಮನೆಮನೆಗೆ ಬಂದು, ಕವಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿಯನ್ನು ತಂದಿತು. ಕಾಡುಕುದುರೆ ಚಿತ್ರದಲ್ಲಿ ಕಂಬಾರರ ಹಾಡನ್ನು ಹಾಡಿ ಶಿವಮೊಗ್ಗ ಸುಬ್ಬಣ್ಣನವರು ಗಾಯನದ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ನಮ್ಮ ಕಡೆಯ ಹೆಸರನ್ನು ಹೊತ್ತ ಈ ಗಾಯಕರು ೨೦೨೨ರಲ್ಲಿ ತೀರಿಕೊಂಡರು. ಅವರ ಹಾಡುಗಳ ಒಂದು ಒಳ್ಳೆಯ ಪಟ್ಟಿಯನ್ನು ನಮ್ಮ ನಾಲ್ಕು ತಾಲ್ಲೂಕುಗಳ ಯಾವ ಬಳಗವಾದರೂ ಕಟ್ಟಬಾರದೆ?

ಈ ಕೆಲಸದಲ್ಲಿ ನಮ್ಮ ಸಂಘಕ್ಕೂ ಪಾಲುಂಟು. ಹಳೆಯ ಪುಸ್ತಕಗಳು ನಮ್ಮ ಮನೆಗಳಲ್ಲಿವೆ, ಹೊಸ ಯಂತ್ರಗಳು ಹುಡುಗರ ಕೈಯಲ್ಲಿವೆ. ಯಾವ ಹಾಡು ಯಾರದೆಂದು ಬಲ್ಲ ಹಿರಿಯರು ಅವರನ್ನು ಗದರಿಸಿ ಕಳುಹಿಸದೆ, ಪಕ್ಕದಲ್ಲಿ ಕೂರಿಸಿಕೊಂಡು ಹೆಸರುಗಳನ್ನು ಬರೆಯಿಸಲಿ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಗರತಿಯ ಹಾಡನ್ನು ಹೊರತಂದಾಗ ಅವರೂ ತರುಣರೇ ಆಗಿದ್ದರು. ಹಾಡು ಕಟ್ಟಿದ ಗರತಿಯರಿಗೆ ಅವರು ನಾಡಿನಲ್ಲಿ ಗೌರವವನ್ನು ತಂದರು. ನಾಡು ಅವರನ್ನೂ ಮರೆಯಲಿಲ್ಲ. ಸಂಕಲನಕಾರನಿಗೆ ದೊರೆಯುವ ಕೀರ್ತಿಯ ದಾರಿ ಅದೇ. ಪರರ ಹೆಸರನ್ನು ಕಾಪಾಡಿದವನ ಹೆಸರು ತಾನಾಗಿಯೇ ಉಳಿಯುತ್ತದೆ. ಪರರ ಹೆಸರನ್ನು ಅಳಿಸಿದ ಜಾಗದಲ್ಲಿ ತನ್ನ ಹೆಸರನ್ನು ಬರೆದವನದು ಮುಂದಿನ ಪಟ್ಟಿಯು ಬರುವವರೆಗೆ ಮಾತ್ರ ಇರುತ್ತದೆ.

ಬರುವ ನವೆಂಬರ್ ಒಂದಕ್ಕೆ ನಮ್ಮ ಊರುಗಳಲ್ಲಿ ಮತ್ತೆ ಹಾಡುಗಳು ಮೊಳಗುತ್ತವೆ. ಪಟ್ಟಿ ಕಟ್ಟುವ ತರುಣಮಿತ್ರರು ಪ್ರತಿಯೊಂದು ಹಾಡಿಗೆ ಮುಂಚೆ ನಾಲ್ಕು ಹೆಸರುಗಳನ್ನು ಧ್ವನಿವರ್ಧಕದಲ್ಲಿ ಹೇಳಿಸಲಿ. ಪೆಂಡಾಲಿನ ಮೂಲೆಯಲ್ಲಿ ಕುಳಿತ ಒಂದು ಮಗುವು ಅವುಗಳಲ್ಲಿ ಒಂದನ್ನಾದರೂ ಮನೆಗೆ ಕೊಂಡೊಯ್ದರೆ, ಅವರು ಕಟ್ಟಿದ ಹಾರವು ಕನ್ನಡಕ್ಕೆ ಸಂದಿತೆಂದು ತಿಳಿಯಲಿ. ಇತ್ಯಲಂ.